ಹಲ್ಲು ಕೀಳಿಸಿದ ಮೇಲಿನ ಮೂರು ದಿನ

ಪೇಟೆಯಲ್ಲಿ ಕೂತ ನಮ್ಮಂಥವರಿಗೆ ಹಲ್ಲುನೋವು ಎಂದರೆ ಲವಂಗದೆಣ್ಣೆ ಹಚ್ಚಿ ದಿನ ದೂಡುವ ಬೇನೆ. ಸುಗ್ಗಿಯ ವ್ಯಾಪಾರ ಮುಗಿಯಲಿ, ಮನೆಯ ಮದುವೆ ಮುಗಿಯಲಿ ಎನ್ನುತ್ತೇವೆ. ಕೊನೆಗೆ ಕೀಳಿಸಲೇಬೇಕಾದಾಗ ಎಲ್ಲರೂ ಹೆದರುವುದು ಕೀಳುವ ಗಳಿಗೆಗೆ. ನಿಜವಾಗಿ ಎಚ್ಚರ ಬೇಕಾದದ್ದು ಆಮೇಲಿನ ಮೂರು ದಿನ.

ಕಳೆದ ಬೇಸಿಗೆಯಲ್ಲಿ ಸೊಲ್ಲಾಪುರದಲ್ಲಿ ನಾವು ಕೆಳಗಿನ ದವಡೆಹಲ್ಲೊಂದನ್ನು ಕೀಳಿಸಿದೆವು. ಸೂಜಿ ಚುಚ್ಚಿದ್ದು ಬಿಟ್ಟರೆ ನೋವಿಲ್ಲ. ಒತ್ತಿ ಅಲುಗಾಡಿಸುವುದಷ್ಟೇ ತಿಳಿಯುತ್ತದೆ. ಹೀಗೆ ಮರಗಟ್ಟಿಸುವ ಲಿಡೊಕೇನ್ ಔಷಧವನ್ನು ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದರು. ಅದು ಮಾರಾಟಕ್ಕೆ ಬಂದದ್ದು 1948ರಲ್ಲಿ.

ಹಲ್ಲು ಹೋದ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದೇ ಗಾಯದ ಮುಚ್ಚಳ. ಅದು ಕಿತ್ತುಹೋದರೆ ಒಳಗಿನ ಎಲುಬು ಬಯಲಾಗಿ, ಎರಡು-ಮೂರು ದಿನದಲ್ಲಿ ಕಿವಿಯವರೆಗೂ ಸಿಡಿಯುವ ನೋವು ಬರುತ್ತದೆ. ಡಾಕ್ಟರು ಇದಕ್ಕೆ ಡ್ರೈ ಸಾಕೆಟ್ ಎನ್ನುತ್ತಾರೆ. ಬೀಡಿ, ಸಿಗರೇಟು ಸೇದುವವರಿಗೆ ಇದು ಹೆಚ್ಚು. ತಂಬಾಕು, ಗುಟ್ಕಾ ಕೂಡ ಗಾಯಕ್ಕೆ ವೈರಿ.

ಆದ್ದರಿಂದ ಡಾಕ್ಟರು ಇಟ್ಟ ಬಟ್ಟೆಯನ್ನು ಅರ್ಧ ತಾಸಾದರೂ ಬಿಗಿಯಾಗಿ ಕಚ್ಚಿಕೊಂಡಿರಬೇಕು. ಮೊದಲ ದಿನ ಮುಕ್ಕಳಿಸುವುದು, ಪದೇ ಪದೇ ಉಗುಳುವುದು, ನಳಿಕೆ ಹಾಕಿ ಹೀರುವುದು ಬೇಡ. ಮರುದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಉಂಡ ಮೇಲೆಲ್ಲ ಬಾಯಲ್ಲಿ ಮೆಲ್ಲಗೆ ಆಡಿಸಿ ಬಿಡಬೇಕು. ಆರಿದ ಗಂಜಿ, ಹೆಸರುಬೇಳೆಯ ಕಟ್ಟು, ಮೆತ್ತಗಿನ ಅನ್ನ ಸಾಕು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಂದು ವಾರ ದೂರವಿರಲಿ.

ಸೂರ್ಯಾಸ್ತದ ನಂತರ ಉಣ್ಣದ ಮನೆಯವರು ಬೆಳಗಿನ ಹೊತ್ತೇ ಕೀಳಿಸುವುದು ಒಳ್ಳೆಯದು. ಮರಗಟ್ಟಿದ್ದು ಬಿಡುವವರೆಗೆ ಉಣ್ಣಬಾರದು. ಗೊತ್ತಿಲ್ಲದೆ ಗಲ್ಲವನ್ನೇ ಕಚ್ಚಿಕೊಂಡೇವು. ಬೆಳಿಗ್ಗೆ ಕೀಳಿಸಿದರೆ ಹೊತ್ತು ಮುಳುಗುವ ಮೊದಲು ಊಟ, ಗುಳಿಗೆ ಎರಡೂ ಆಗುತ್ತವೆ. ಗುಳಿಗೆಯ ವೇಳೆಯನ್ನು ಡಾಕ್ಟರಿಗೆ ಮೊದಲೇ ಕೇಳಿಕೊಳ್ಳಿ. ತುರ್ತಿಲ್ಲದಿದ್ದರೆ ಉಪವಾಸದ ದಿನಗಳನ್ನು ಬಿಟ್ಟು ದಿನ ಗೊತ್ತುಮಾಡಿ.

ಇನ್ನೊಂದು ಮುಖ್ಯ ಮಾತು. ನಮ್ಮ ವಯಸ್ಸಿನವರು ಸಕ್ಕರೆ ಕಾಯಿಲೆ, ರಕ್ತದೊತ್ತಡವನ್ನು ಹಲ್ಲಿನ ಡಾಕ್ಟರಿಗೆ ಹೇಳುವುದೇ ಇಲ್ಲ. ನಮ್ಮ ಮನೆಯವರು ನಿತ್ಯದ ಗುಳಿಗೆಗಳ ಚೀಟಿಯನ್ನು ನಮ್ಮ ಜೇಬಿಗೆ ಹಾಕಿಯೇ ಕಳಿಸಿದ್ದರು. ಡಾಕ್ಟರು ಅದನ್ನು ಪೂರ್ತಿ ಓದಿದ ಮೇಲೆಯೇ ಸೂಜಿ ಹಿಡಿದರು. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಹಲ್ಲಿಗಾಗಿ ಹೃದಯವನ್ನು ಪಣಕ್ಕಿಡಬೇಕೇ?

ಬಟ್ಟೆ ಕಚ್ಚಿದರೂ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಮೂರು ದಿನದ ಮೇಲೂ ಬಾವು ಏರುತ್ತಿದ್ದರೆ ಕೂಡಲೇ ಡಾಕ್ಟರ ಬಳಿ ಹೋಗಿ. ಎಲ್ಲ ಸರಿಯಿದ್ದರೆ ಒಂದೆರಡು ವಾರದಲ್ಲಿ ಒಸಡು ಕೂಡಿಕೊಳ್ಳುತ್ತದೆ. ಒಳಗಿನ ಎಲುಬು ತುಂಬಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಗಾದಿಯ ಮೇಲೆ ಕೂತು ಗಿರಾಕಿಗಳೊಡನೆ ಚೌಕಾಸಿ ಮಾಡಲು ಅಡ್ಡಿಯಿಲ್ಲ. ಮೊದಲ ಮೂರು ದಿನ ಮಾತ್ರ ಅಂಗಡಿಯನ್ನು ಮಕ್ಕಳಿಗೆ ಬಿಡಿ.