ಕ್ಷಮೆ ಕೇಳಬೇಕಿದ್ದವರು ಯಾರು?

ರೀಲ್ಸ್ ನೋಡುವ ಗೆಳೆಯರಲ್ಲಿ ಹಲವರಿಗೆ ‘ಸೀ ತಿನ್’ ಹಾಡಿನ ರಾಗ ಗೊತ್ತಿರಬಹುದು. 2022ರಲ್ಲಿ ಬಂದ ಈ ವಿಯೆಟ್ನಾಮಿ ಹಾಡು ಆ ಭಾಷೆ ಬಾರದವರನ್ನೂ ಕುಣಿಸಿತು. ಹಾಡಿದವರು ಹ್ವಾಂಗ್ ತುಯಿ ಲಿನ್. ಆ ಹಾಡಿಗಿಂತ ಅವರ ಬದುಕನ್ನು ನಾವು ತಿಳಿಯಬೇಕು ಎಂಬುದು ನನ್ನ ಅಭಿಪ್ರಾಯ.

1988ರಲ್ಲಿ ಹುಟ್ಟಿದ ಅವರು 2007ರ ಹೊತ್ತಿಗೆ, ಹದಿಹರೆಯದವರ ಟಿವಿ ಧಾರಾವಾಹಿಯ ನಾಯಕಿಯಾಗಿ ಮನೆಮಾತಾಗಿದ್ದರು. ಅದೇ ವರ್ಷ ಅವರ ಖಾಸಗಿ ವಿಡಿಯೊ ಒಂದು ಅಂತರ್ಜಾಲಕ್ಕೆ ಸೋರಿಕೆಯಾಯಿತು. ಧಾರಾವಾಹಿ ನಿಂತಿತು. ಹತ್ತೊಂಬತ್ತರ ಹುಡುಗಿ ಟಿವಿಯಲ್ಲಿ ಅಳುತ್ತಾ ಕ್ಷಮೆ ಕೇಳಬೇಕಾಯಿತು. ಹಂಚಿದ ಕೆಲವರಿಗೆ ಮುಂದೆ ನ್ಯಾಯಾಲಯ ಶಿಕ್ಷೆ ವಿಧಿಸಿತು, ನಿಜ. ಆದರೆ ನೋಡಿ ನಕ್ಕವರನ್ನು ಕೇಳುವವರು ಯಾರು?

ಅವರು ಮೂಲೆ ಸೇರಲಿಲ್ಲ, ಗಾಯಕಿಯಾದರು. ಅಲ್ಲಿನ ವಿದ್ಯಾರ್ಥಿಗಳು ಪಠ್ಯದಲ್ಲಿ ಓದುವ ತೊ ಹ್ವಾಯ್ ಅವರ ಕಥೆಯಲ್ಲಿ ಮಿ ಎಂಬ ಹೆಣ್ಣುಮಗಳಿದ್ದಾಳೆ. ಮನೆಯ ಸಾಲಕ್ಕಾಗಿ ಸಾಹುಕಾರನ ಸೊಸೆಯಾಗಿ ಜೀತಕ್ಕೆ ಬಿದ್ದವಳು. 2019ರ ಅವರ ಹಾಡಿನಲ್ಲಿ ಆ ಮಿ ತನ್ನ ಮಾತನ್ನು ತಾನೇ ಹೇಳುತ್ತಾಳೆ. ಮರುವರ್ಷ ಅವರಿಗೆ ‘ಕೊಂಗ್ ಹಿಯೆನ್’ ಸಂಗೀತ ಪ್ರಶಸ್ತಿಗಳಲ್ಲಿ 4 ಬಂದವು.

‘ತಪ್ಪು ಮೊದಲು ಅವಳದೇ ಅಲ್ಲವೇ?’ ಎನ್ನುವವರು ನಮ್ಮಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಒಬ್ಬರ ಮನೆಯೊಳಗಿನ ಸಂಗತಿಯನ್ನು ಬೀದಿಗೆ ತಂದವರೇ ತಪ್ಪಿತಸ್ಥರು. ಅವರು ಗೆದ್ದರೆಂದು ನಾವು ಸಮಾಧಾನಪಡುವಂತೆಯೂ ಇಲ್ಲ. ಹನ್ನೆರಡು ವರ್ಷ ಸಹಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಅಂಥದ್ದೇನಾದರೂ ನಿಮ್ಮ ಮೊಬೈಲಿಗೆ ಬಂದರೆ ಯಾರಿಗೂ ಕಳಿಸಬೇಡಿ. ಕಳಿಸಿದವರಿಗೆ ‘ನಿಲ್ಲಿಸು’ ಎನ್ನಿ. ಆ ಹುಡುಗಿ ನಮ್ಮ ಕಾಲೇಜಿನವಳೇ ಆಗಿದ್ದರೆ, ಊಟದ ಹೊತ್ತಿಗೆ ಅವಳ ಪಕ್ಕ ಹೋಗಿ ಕುಳಿತುಕೊಳ್ಳಿ.