ಎರರ್ ಪಟ್ಟಿಯಲ್ಲಿ ಸೇರದ ಚೆಂಡು

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಮಕ್ಕಳ ಬೇಸ್‌ಬಾಲ್ ಆಟದ ಸುದ್ದಿ ಬರೆಯುವಾಗ, “ಇವತ್ತು ಎರಡು ಎರರ್ ಮಾಡಿದ” ಎಂದು ನೊಂದುಕೊಳ್ಳುವುದುಂಟು. ಅವರಲ್ಲಿ ನನ್ನದೊಂದು ಬಿನ್ನಹ. ಇನ್‌ಫೀಲ್ಡರನ ಯೋಗ್ಯತೆಯನ್ನು ಎರರ್‌ಗಳ ಎಣಿಕೆಯಿಂದ ಅಳೆಯಬೇಡಿ. ಅವನ ಕಾಲುಗಳು ಅವನನ್ನು ಎಷ್ಟು ಚೆಂಡುಗಳ ಬಳಿಗೆ ಒಯ್ದವು ಎಂಬುದನ್ನು ನೋಡಿ.

ಕ್ರಿಕೆಟ್ಟನ್ನಷ್ಟೇ ಬಲ್ಲವರಿಗಾಗಿ ಒಂದೆರಡು ಮಾತು. ವೃತ್ತಿಪರರ ಅಂಗಳದಲ್ಲಿ ಬೇಸ್‌ನಿಂದ ಬೇಸ್‌ಗೆ 90 ಅಡಿ. ಚೆಂಡನ್ನು ನೆಲಕ್ಕೆ ಹೊಡೆದು ಓಡುವ ಬ್ಯಾಟರ್ ನಾಲ್ಕೂವರೆ ಸೆಕೆಂಡಿನ ಆಸುಪಾಸಿನಲ್ಲಿ ಮೊದಲ ಬೇಸ್ ಮುಟ್ಟುತ್ತಾನೆ. ಅಷ್ಟರೊಳಗೆ ಇನ್‌ಫೀಲ್ಡರ್ ಚೆಂಡಿನತ್ತ ಸರಿದು, ಬಗ್ಗಿ ಹಿಡಿದು, ಎಸೆದು ಮುಗಿಸಬೇಕು. ಗಂಟೆಗೆ 100 ಮೈಲಿ ವೇಗದಲ್ಲಿ ಹೊರಟ ಚೆಂಡು ಸೆಕೆಂಡಿಗೆ ಸುಮಾರು 147 ಅಡಿ ಸಾಗುತ್ತದೆ. ಮೂರನೆಯ ಬೇಸ್‌ನ ಬಳಿ ನಿಂತವನಿಗೆ ಪೂರ್ತಿ ಒಂದು ಸೆಕೆಂಡೂ ದೊರೆಯದು. ಇಲ್ಲಿ ತೋಳ್ಬಲವೊಂದೇ ಸಾಲದು. ಮಣಿಯುವ ಮಂಡಿ, ಸಡಿಲವಾದ ಸೊಂಟ, ಪಕ್ಕಕ್ಕೆ ಚಿಮ್ಮುವ ಮೊದಲ ಹೆಜ್ಜೆ ಬೇಕು. ದಣಿದ ಆಟಗಾರ ಬಗ್ಗಲು ಹಿಂಜರಿಯುತ್ತಾನೆ. ಚೆಂಡು ಗ್ಲೌಸಿನ ಕೆಳಗೆ ನುಸುಳಿಹೋಗುತ್ತದೆ.

ವಿಚಿತ್ರವೆಂದರೆ, ಸಾಧಾರಣ ಪ್ರಯತ್ನಕ್ಕೆ ಸಿಗಬೇಕಾದ ಚೆಂಡನ್ನು ಕೈಬಿಟ್ಟರಷ್ಟೇ ಅದು ಎರರ್. ಮೈಭಾರದಿಂದಲೋ ಆಲಸ್ಯದಿಂದಲೋ ಚೆಂಡಿನ ಹತ್ತಿರಕ್ಕೇ ಹೋಗಲಾಗದವನ ಪಟ್ಟಿ ಹೆಚ್ಚಾಗಿ ಶುಭ್ರವಾಗಿಯೇ ಉಳಿಯುತ್ತದೆ; ಬ್ಯಾಟರನ ಹೆಸರಿಗೆ ಹಿಟ್ ಸೇರುತ್ತದೆ. ಓಡಿ ತಲುಪಿ ತಡವರಿಸಿದವನೇ ತಪ್ಪಿತಸ್ಥ!

ಬ್ರೂಕ್ಸ್ ರಾಬಿನ್ಸನ್ ಓಟದಲ್ಲಿ ನಿಧಾನಿಯಾಗಿದ್ದರೂ 1960ರಿಂದ 1975ರವರೆಗೆ ಸತತ 16 ಗೋಲ್ಡ್ ಗ್ಲೌವ್ ಗಳಿಸಲಿಲ್ಲವೇ ಎಂದು ಕೆಲವರು ಕೇಳಬಹುದು. ನಿಜ. ಆದರೆ ಉದ್ದದ ಓಟ ಬೇರೆ, ಥಟ್ಟನೆ ಪ್ರತಿಕ್ರಿಯಿಸುವ ಮೈ ಬೇರೆ. ಎರಡನೆಯದು ಅವರಲ್ಲಿ ಧಾರಾಳವಾಗಿತ್ತು. ಆರಡಿ ನಾಲ್ಕಂಗುಲದ ಕ್ಯಾಲ್ ರಿಪ್ಕನ್ ಬ್ಯಾಟರ್‌ಗಳ ಅಭ್ಯಾಸವನ್ನು ಅರಿತು ಸರಿಯಾದ ಜಾಗದಲ್ಲಿ ನಿಲ್ಲುತ್ತಿದ್ದರು; 1990ರಲ್ಲಿ ಶಾರ್ಟ್‌ಸ್ಟಾಪ್ ಆಗಿ ಅವರು ಮಾಡಿದ್ದು ಮೂರೇ ಎರರ್. ಆದರೆ ಆ ತಿಳಿವಳಿಕೆಯನ್ನು ಹೊತ್ತು 1982ರಿಂದ 1998ರವರೆಗೆ ಸತತ 2,632 ಪಂದ್ಯ ಆಡಿದ್ದು ಪಳಗಿದ ದೇಹವೇ. ಬುದ್ಧಿ ಹೆಜ್ಜೆಗಳನ್ನು ಉಳಿಸಬಲ್ಲದು. ಕೊನೆಯ ಹೆಜ್ಜೆಯನ್ನು ಕಾಲೇ ಇಡಬೇಕು.

2023ರಿಂದ ಮೇಜರ್ ಲೀಗ್‌ನಲ್ಲಿ ಎರಡನೆಯ ಬೇಸ್‌ನ ಎರಡೂ ಬದಿಗೆ ಇಬ್ಬಿಬ್ಬರು ಇನ್‌ಫೀಲ್ಡರ್‌ಗಳು ನಿಲ್ಲಲೇಬೇಕೆಂಬ ನಿಯಮ ಬಂದಿದೆ. ಒಂದೇ ಬದಿಯಲ್ಲಿ ಮೂವರನ್ನು ನಿಲ್ಲಿಸಿ ಕಾಲಿನ ಕೊರತೆಯನ್ನು ಮರೆಮಾಚುವುದು ಇನ್ನು ಕಷ್ಟ.

ಇದನ್ನೆಲ್ಲ ಬರೆಯುವಾಗ ಅಳುಕೂ ಆಗುತ್ತದೆ. ವರ್ಷಗಟ್ಟಲೆ ಕೆಂಪು ಶಾಯಿಯಲ್ಲಿ ತಪ್ಪುಗಳನ್ನೇ ಎಣಿಸಿದವನು ನಾನು. ಸ್ವಂತ ವಾಕ್ಯ ಕಟ್ಟಲು ಹೋಗಿ ಎಡವಿದವನ ಅಂಕ ಕಳೆದೆ; ಗೈಡಿನ ನಾಲ್ಕು ಸಾಲು ಒಪ್ಪಿಸಿದವನಿಗೆ ಪೂರ್ಣಾಂಕ ಕೊಟ್ಟೆ. ಆ ಎಡವಿದವರಲ್ಲಿ ಕೆಲವರು ಇದನ್ನು ಓದುತ್ತಿರಬಹುದು. ಅವರು ನನ್ನನ್ನು ಕ್ಷಮಿಸಲಿ.

ಆದ್ದರಿಂದ, ಆಟ ಮುಗಿಸಿ ಬಂದ ಮಗುವನ್ನು ಎಷ್ಟು ಎರರ್ ಎಂದು ಕೇಳಬೇಡಿ. ದಿನವೂ ಓಡಿಸಿ, ಕುಣಿಸಿ, ಬಗ್ಗಿಸಿ. “ಎಷ್ಟು ಚೆಂಡು ಮುಟ್ಟಿದೆ?” ಎಂದು ಕೇಳಿ.