ವಂತಿಗೆ ಹಾಕಿದ ಊರಿಗೆ ಅನುದಾನ

1995ರ ಶರತ್ಕಾಲದಲ್ಲಿ ನ್ಯೂಯಾರ್ಕ್ ನಗರದ ಲೋಯರ್ ಈಸ್ಟ್ ಸೈಡ್ ಎಂಬ ಬಡ ಬಡಾವಣೆಯಲ್ಲಿ ಒಂದು ಸಂಜೆ ತರಗತಿ ಶುರುವಾಯಿತು. ಟೈಪಿಂಗ್, ಕಂಪ್ಯೂಟರ್ ಮೊದಲಾದ ಕೆಲಸ ಕೊಡಿಸುವ ವಿದ್ಯೆ ಯಾವುದೂ ಅಲ್ಲಿರಲಿಲ್ಲ. ಕಲಿಸುತ್ತಿದ್ದದ್ದು ನೀತಿ ತತ್ತ್ವಶಾಸ್ತ್ರ, ಕಾವ್ಯ, ಅಮೆರಿಕದ ಇತಿಹಾಸ, ಕಲೆಯ ಇತಿಹಾಸ, ತರ್ಕಶಾಸ್ತ್ರ. ಬೆಂಚಿನಲ್ಲಿ ಕುಳಿತವರ ಪೈಕಿ ತಲೆಯ ಮೇಲೆ ಸೂರಿಲ್ಲದವರಿದ್ದರು, ಜೈಲು ಕಂಡು ಬಂದವರಿದ್ದರು. ಶುಲ್ಕವಿಲ್ಲ, ಬಂದುಹೋಗುವ ರೈಲಿನ ಖರ್ಚನ್ನೂ ಸಂಘಟಕರೇ ಕೊಡುತ್ತಿದ್ದರು.

ತರಗತಿ ಆರಂಭಿಸಿದವರು ಅರ್ಲ್ ಶೋರಿಸ್ ಎಂಬ ಲೇಖಕರು. ಬಡತನವನ್ನು ಕುರಿತ ಪುಸ್ತಕಕ್ಕಾಗಿ ಅಲೆಯುತ್ತಿದ್ದಾಗ ಅವರು ಮಹಿಳಾ ಜೈಲೊಂದರಲ್ಲಿ ಕೈದಿಯೊಬ್ಬಳನ್ನು ಕೇಳಿದ್ದರು: ಜನ ಬಡವರಾಗಿಯೇ ಉಳಿಯುವುದೇಕೆ? ಹಣವಿಲ್ಲ, ನೌಕರಿಯಿಲ್ಲ ಎಂಬ ಉತ್ತರವನ್ನು ಅವರು ನಿರೀಕ್ಷಿಸಿದ್ದಿರಬಹುದು. ಆಕೆ ಹೇಳಿದ್ದೇ ಬೇರೆ. ನಮ್ಮ ಮಕ್ಕಳನ್ನು ಪೇಟೆಯ ನಾಟಕಗಳಿಗೆ, ಸಂಗೀತ ಕಛೇರಿಗಳಿಗೆ, ವಸ್ತುಸಂಗ್ರಹಾಲಯಗಳಿಗೆ, ಉಪನ್ಯಾಸಗಳಿಗೆ ಕರೆದೊಯ್ಯಬೇಕು, ಅಲ್ಲಿಂದಲೇ ಬದಲಾವಣೆ ಶುರುವಾಗುತ್ತದೆ ಎಂದಳು.

ಮೊದಲ ವರ್ಷ ಮೂವತ್ತರ ಆಸುಪಾಸು ಮಂದಿ ಸೇರಿ, ಸುಮಾರು ಅರ್ಧದಷ್ಟು ಮಂದಿ ಕೊನೆಯ ತನಕ ಉಳಿದರು. ರಾತ್ರಿ ಮಲಗಲು ಜಾಗ ಹುಡುಕಬೇಕಾದವನು ಮರುದಿನ ಪ್ಲೇಟೊನನ್ನು ಓದಿಕೊಂಡು ಬರುವುದೆಂದರೆ ಸಣ್ಣ ಮಾತಲ್ಲ. ಹಾಗಾಗಿ ಅರ್ಧ ಎಂಬುದು ಕಡಿಮೆಯೇನಲ್ಲ. ಬಾರ್ಡ್ ಕಾಲೇಜು ಅವರ ಓದಿಗೆ ಮಾನ್ಯತೆ ಕೊಟ್ಟಿತು. ಹಲವರು ಮುಂದೆ ಕಾಲೇಜು ಸೇರಿದರು.

ಇಂಥ ತರಗತಿಗೆ ಹಣ ಎಲ್ಲಿಂದ? ಮೊದಲಿಗೆ ಖಾಸಗಿ ದಾನಿಗಳಿಂದ ಬಂತು. ಆಮೇಲೆ ಇಲಿನಾಯ್, ಮ್ಯಾಸಚೂಸೆಟ್ಸ್, ಆರೆಗನ್ ಮೊದಲಾದ ರಾಜ್ಯಗಳಲ್ಲಿ ಅಲ್ಲಿನ ಮಾನವಿಕ ಮಂಡಳಿಗಳು ಇದನ್ನು ಕೈಗೆತ್ತಿಕೊಂಡವು. ಈ ಮಂಡಳಿಗಳ ಕಥೆ ನಮ್ಮ ವಿದ್ಯಾರ್ಥಿಗಳೂ ತಿಳಿಯಬೇಕಾದದ್ದು. ಅದರಲ್ಲೂ ಮಗ ಇತಿಹಾಸವನ್ನೋ ಸಾಹಿತ್ಯವನ್ನೋ ಆರಿಸಿಕೊಂಡನೆಂದು ಚಿಂತೆಗೆ ಬಿದ್ದ ತಂದೆತಾಯಿಯರು.

1957ರಲ್ಲಿ ರಷ್ಯದವರು ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕದಲ್ಲಿ ವಿಜ್ಞಾನಕ್ಕೆ ಹಣದ ಹೊಳೆಯೇ ಹರಿಯಿತು. ಭಾಷೆ, ಇತಿಹಾಸ, ತತ್ತ್ವಶಾಸ್ತ್ರದ ಕಡೆಗೆ ನೋಡುವವರಿರಲಿಲ್ಲ. ಬ್ರೌನ್ ವಿಶ್ವವಿದ್ಯಾಲಯದ ಅಧ್ಯಕ್ಷ ಬಾರ್ನಬಿ ಕೀನಿಯವರ ನೇತೃತ್ವದ ಆಯೋಗವೊಂದು 1964ರಲ್ಲಿ ಈ ತಾರತಮ್ಯವನ್ನು ಎತ್ತಿ ತೋರಿಸಿತು. ಮರುವರ್ಷ ಸೆಪ್ಟೆಂಬರ್ 29ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಮಾಡಿದ ಕಾನೂನಿನಿಂದ ರಾಷ್ಟ್ರೀಯ ಮಾನವಿಕ ದತ್ತಿ ಹುಟ್ಟಿತು. ಆದರೆ ಹಣವೆಲ್ಲ ವಿಶ್ವವಿದ್ಯಾಲಯಗಳ ಪಾಲಾದರೆ ಸಣ್ಣ ಊರುಗಳಿಗೆ ಏನು ಸಿಕ್ಕೀತು? 1971ರಲ್ಲಿ ಆರು ರಾಜ್ಯಗಳಲ್ಲಿ ಪ್ರಯೋಗವಾಗಿ ಮಂಡಳಿಗಳನ್ನು ಕಟ್ಟಿದರು. ಬರಬರುತ್ತ ಅವು 56 ಆದವು: ಐವತ್ತು ರಾಜ್ಯ, ರಾಜಧಾನಿ, ಐದು ಅಧೀನ ಪ್ರದೇಶಗಳಿಗೆ ಒಂದೊಂದು.

ಇವು ಸರ್ಕಾರಿ ಇಲಾಖೆಗಳಲ್ಲ, ಲಾಭಕ್ಕಾಗಿ ದುಡಿಯದ ಸ್ವತಂತ್ರ ಸಂಸ್ಥೆಗಳು. ದತ್ತಿಯಿಂದ ಬಂದ ಹಣವನ್ನು ಸಣ್ಣ ಸಣ್ಣ ಕಂತುಗಳಾಗಿ ಊರಿನ ಗ್ರಂಥಾಲಯ, ಇತಿಹಾಸ ಸಂಘ, ಶಾಲೆ, ಆಸ್ಪತ್ರೆಗಳಿಗೆ ಹಂಚುತ್ತವೆ. ಮೇನ್ ರಾಜ್ಯದ ಮಂಡಳಿ 1997ರಲ್ಲಿ ಆಸ್ಪತ್ರೆಯ ಡಾಕ್ಟರು, ನರ್ಸು, ಗುಮಾಸ್ತರನ್ನು ಒಂದೇ ಮೇಜಿನ ಸುತ್ತ ಕೂರಿಸಿ ಕಥೆ-ಕಾದಂಬರಿ ಓದಿಸಿ ಚರ್ಚೆ ಮಾಡಿಸತೊಡಗಿತು. ರೋಗಿಯ ಮಾತಿಗೆ ಕಿವಿಗೊಡಲು ಇದೂ ಒಂದು ತಾಲೀಮು.

ಅನುದಾನದ ನಿಯಮಗಳಲ್ಲಿ ಒಂದು ಬಲು ಸ್ವಾರಸ್ಯದ್ದು. ಸಾಮಾನ್ಯವಾಗಿ ಮಂಡಳಿ ಒಂದು ಡಾಲರ್ ಕೊಟ್ಟರೆ ಊರಿನವರು ಇನ್ನೊಂದು ಡಾಲರಿನಷ್ಟು ಹಾಕಬೇಕು. ಊರ ವಂತಿಗೆ ಎನ್ನಿ. (ವಂತಿಗೆ ಎಂದೊಡನೆ ನಮ್ಮ ತಂದೆತಾಯಿಯರಿಗೆ ಕಾಲೇಜಿನ ಸೀಟು ನೆನಪಾದರೆ ತಪ್ಪು ಅವರದಲ್ಲ. ಇಲ್ಲಿ ಹೇಳುತ್ತಿರುವುದು ಊರಹಬ್ಬಕ್ಕೆ ಎತ್ತುವ ವಂತಿಗೆ.) ಇದು ದುಡ್ಡಿನ ರೂಪದಲ್ಲೇ ಇರಬೇಕೆಂದಿಲ್ಲ. ಸಭಾಂಗಣವನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರೆ ಆ ಬಾಡಿಗೆ ಲೆಕ್ಕಕ್ಕೆ ಬರುತ್ತದೆ. ನಿವೃತ್ತ ಮೇಷ್ಟರೊಬ್ಬರು ಹತ್ತು ಸಂಜೆ ಹಳೆಯ ಫೋಟೊಗಳಿಗೆ ಹೆಸರು ಬರೆದುಕೊಟ್ಟರೆ ಆ ಹೊತ್ತಿಗೂ ಬೆಲೆ ಕಟ್ಟಿ ಲೆಕ್ಕಕ್ಕೆ ಹಿಡಿಯುತ್ತಾರೆ. ಜೊತೆಗೆ ವಿಷಯ ಬಲ್ಲ ವಿದ್ವಾಂಸರೊಬ್ಬರು ಯೋಜನೆಯಲ್ಲಿರಬೇಕು, ಕಾರ್ಯಕ್ರಮ ಎಲ್ಲರಿಗೂ ತೆರೆದಿರಬೇಕು, ಮುಗಿದ ಮೇಲೆ ಖರ್ಚಿನ ವರದಿ ಒಪ್ಪಿಸಬೇಕು. ಇತಿಹಾಸ ಓದಿದ ಹುಡುಗನಿಗೆ ಕೆಲಸ ಸಿಗುವುದು ಇಲ್ಲಿಯೇ: ಅರ್ಜಿ ಬರೆಯುವವರು, ಮುದುಕರ ನೆನಪುಗಳನ್ನು ಧ್ವನಿಮುದ್ರಿಸುವವರು, ಪ್ರದರ್ಶನ ಜೋಡಿಸುವವರು ಬೇಕಾಗುತ್ತಾರೆ.

ಈ ವ್ಯವಸ್ಥೆಗೆ ಪೆಟ್ಟು ಬಿದ್ದದ್ದು 2025ರ ಏಪ್ರಿಲ್ ಮೊದಲ ವಾರದಲ್ಲಿ. ಹೊಸ ಆಡಳಿತ ರಾತ್ರೋರಾತ್ರಿ ಇ-ಮೇಲ್ ಕಳಿಸಿ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ರದ್ದು ಮಾಡಿತು. ಅಧ್ಯಕ್ಷರ ಆದ್ಯತೆಗಳು ಬೇರೆ ಎಂಬುದು ಕೊಟ್ಟ ಕಾರಣ. ರಾಜ್ಯ ಮಂಡಳಿಗಳ ಪಾಲು ವರ್ಷಕ್ಕೆ ಸುಮಾರು 6.5 ಕೋಟಿ ಡಾಲರ್. ಅಮೆರಿಕದ ಖಜಾನೆಗೆ ಅದು ಚಿಲ್ಲರೆ, ಸಣ್ಣ ರಾಜ್ಯದ ಮಂಡಳಿಗೆ ಅದೇ ಉಸಿರು. ಹಲವು ಕಡೆ ಸಿಬ್ಬಂದಿಯನ್ನು ಮನೆಗೆ ಕಳಿಸಿದರು, ಒಪ್ಪಿಕೊಂಡಿದ್ದ ಕಾರ್ಯಕ್ರಮಗಳನ್ನು ಕೈಬಿಟ್ಟರು. ಅದೇ ತಿಂಗಳ ಕೊನೆಗೆ ಮೆಲನ್ ಪ್ರತಿಷ್ಠಾನ ಒಂದೂವರೆ ಕೋಟಿ ಡಾಲರಿನ ತುರ್ತು ನೆರವು ಘೋಷಿಸಿತು. ಪ್ರತಿ ಮಂಡಳಿಗೆ ಎರಡು ಲಕ್ಷ ಡಾಲರ್ ನೇರವಾಗಿ. ಇನ್ನೂ ಐವತ್ತು ಸಾವಿರದವರೆಗೆ ಬೇಕಿದ್ದರೆ ತಾವೂ ಅಷ್ಟೇ ಹಣ ಎತ್ತಿ ತೋರಿಸಬೇಕು. ಮತ್ತೆ ಅದೇ ವಂತಿಗೆಯ ಲೆಕ್ಕ! ಆಗಸ್ಟ್‌ನಲ್ಲಿ ಆರೆಗನ್‌ನ ಫೆಡರಲ್ ನ್ಯಾಯಾಧೀಶರೊಬ್ಬರು ಮಂಡಳಿಗಳ ಪರವಾಗಿ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟರು. ಅಷ್ಟರಲ್ಲಿ ಬೇಸಿಗೆಯ ಕಾರ್ಯಕ್ರಮಗಳ ಕಾಲ ಕಳೆದೇಹೋಗಿತ್ತು.

ಕೊಡುವ ಕೈ ಹಿಂದೆಗೆದಾಗ ಏನು ಉಳಿಯುತ್ತದೆ ಎಂಬ ಪ್ರಶ್ನೆ ನಮಗೆ ಹೊಸದಲ್ಲ. ಅಮೆರಿಕದ ಹಣ ಒಮ್ಮೆ ಮಲೆನಾಡಿಗೂ ಬಂದಿತ್ತು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲೇ ಹುಟ್ಟಿದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1980ರ ದಶಕದ ಮೊದಲರ್ಧದಲ್ಲಿ ‘ಜನಸ್ಪಂದನ’ ಎಂಬ ಯೋಜನೆ ನಡೆಸಿತು. ಹಣ ಫೋರ್ಡ್ ಪ್ರತಿಷ್ಠಾನದ್ದು. ನಾಟಕ ಶಿಬಿರ, ಒಳ್ಳೆಯ ಚಲನಚಿತ್ರಗಳ ಪ್ರದರ್ಶನ ಕರ್ನಾಟಕದ ಹಳ್ಳಿ-ಪಟ್ಟಣಗಳನ್ನು ಮುಟ್ಟಿದವು. ಯೋಜನೆಯ ಅವಧಿ ಮುಗಿಯಿತು, ಫೋರ್ಡ್ ಹಣವೂ ನಿಂತಿತು. ಆದರೆ ಆ ಓಡಾಟದಲ್ಲಿ ಊರೂರಿನಲ್ಲಿ ನಾಟಕ ಆಡಿಸಬಲ್ಲ ಗೆಳೆಯರು ಸಿಕ್ಕಿದ್ದರು. 1985ರಲ್ಲಿ ‘ತಿರುಗಾಟ’ ಹೊರಟದ್ದು ಅಂಥವರನ್ನು ನಂಬಿಕೊಂಡೇ. ತಿರುಗಾಟವೇನೂ ಟಿಕೆಟ್ಟಿನ ಹಣದಿಂದಷ್ಟೇ ನಡೆಯುವಂಥದಲ್ಲ. ಆದರೂ ತಂಡ ಊರಿಗೆ ಬಂದಾಗ ರಂಗಮಂದಿರ ಗೊತ್ತುಮಾಡಿ, ಟಿಕೆಟ್ ಮಾರಿ, ನಟರಿಗೆ ಊಟ ಬಡಿಸುವವರು ಆ ಊರಿನವರೇ.

ಇಂಥದ್ದೇನಾದರೂ ಮಾಡಬೇಕೆಂಬ ಹುಮ್ಮಸ್ಸಿರುವ ವಿದ್ಯಾರ್ಥಿಗಳು ದೂರ ಹೋಗಬೇಕಿಲ್ಲ. ಬೆಂಗಳೂರಿನಲ್ಲೇ 1993ರಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಕಲೆ-ಸಂಸ್ಕೃತಿಯ ಯೋಜನೆಗಳಿಗೆ ಅನುದಾನ ಕೊಡುತ್ತ ಬಂದಿದೆ. ನಗರದ ಬಡಾವಣೆಗಳ ಕಥೆಗಳನ್ನು ಹುಡುಕುವವರಿಗಾಗಿ ಬೆಂಗಳೂರಿನ ಪಿನ್‌ಕೋಡಿನ ಮೊದಲ ಮೂರು ಅಂಕಿಗಳನ್ನೇ ಹೆಸರಾಗಿಟ್ಟು ‘ಪ್ರಾಜೆಕ್ಟ್ 560’ ಎಂಬುದನ್ನು ಅದು ಆರಂಭಿಸಿತ್ತು. ಇಂಗ್ಲಿಷಿನಲ್ಲಿ ಬರೆಯಲು ಹಿಂಜರಿಯುವವರಿಗೆ ಒಂದು ಸಮಾಧಾನದ ಸಂಗತಿ: ಅಲ್ಲಿಗೆ ಅರ್ಜಿಯನ್ನು ಕನ್ನಡದಲ್ಲೂ ಸಲ್ಲಿಸಬಹುದು.